ಬಿಸಿಲಿನ ಪಾತಿಗೆ ವರ್ಷವಿಡೀ ಹೂ ಬಿಡುವ ಗಿಡಗಳು

ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ಮುಗಿಯಿತು ಅಂದರೆ ನಮ್ಮ ಬೀದಿಯಲ್ಲಿ ಗೇಟು ಗೇಟಿಗೂ ಪೆಟುನಿಯಾ, ಡಯಾಂಥಸ್ ಬಂದು ಕೂತಿರುತ್ತವೆ. ನೋಡೋಕೆ ಚೆಂದ. ಆದರೆ ಜನವರಿಯಲ್ಲಿ ತಂದದ್ದು ಯುಗಾದಿ ಹೊತ್ತಿಗೆ ಒಣಗಿರುತ್ತದೆ. ಅವು ಒಂದೇ ಸೀಸನ್ನಿನ ಗಿಡಗಳು, ಅವುಗಳ ಆಯಸ್ಸೇ ಅಷ್ಟು. ಕುಂಡದಲ್ಲಿ ಇಡಿ, ಬೇಡ ಅನ್ನುವುದಿಲ್ಲ. ಚೆನ್ನಾಗಿ ಬಿಸಿಲು ಬೀಳುವ ನೆಲ ಮಾತ್ರ ಈ ಊರಲ್ಲಿ ಅಪರೂಪ. 30-40 ಸೈಟಿನಲ್ಲಿ ಕಾಂಪೌಂಡಿಗೆ ಅಂಟಿಕೊಂಡು ಮೂರಡಿ ಅಗಲದ ಪಾತಿ ಸಿಕ್ಕರೆ ಅದೇ ಪುಣ್ಯ. ಅಂಥ ಜಾಗವನ್ನು ವರ್ಷಗಟ್ಟಲೆ ಬಾಳುವ ಹೂಗಿಡಗಳಿಗೆ ಕೊಡಿ.

ಆರಿಸುವಾಗ ಇವತ್ತು ನರ್ಸರಿಯಲ್ಲಿ ಯಾವುದು ಅರಳಿದೆ ಅಂತ ನೋಡಬೇಡಿ. ಯಾವ ಗಿಡ ಯಾವ ತಿಂಗಳು ಹೂ ಬಿಡುತ್ತದೆ ಅಂತ ಕೇಳಿ. ಒಂದು ಮುಗಿಯುವಾಗ ಇನ್ನೊಂದು ಶುರುವಾಗಬೇಕು. ಈ ಲೆಕ್ಕ ನಮ್ಮ ಊರಿಗೆ ಹೊಸದೇನಲ್ಲ. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ಉದ್ಯಾನ ತಜ್ಞ ಕ್ರುಂಬಿಗಲ್ ರಸ್ತೆ ಬದಿಯ ಮರಗಳನ್ನು ಆರಿಸಿದ್ದೇ ಹೀಗೆ, ವರ್ಷದ ಯಾವ ತಿಂಗಳಲ್ಲೂ ಎಲ್ಲಾದರೂ ಒಂದು ಜಾತಿ ಹೂ ಬಿಟ್ಟಿರಲಿ ಅಂತ. ಅವರು ಊರಿಗೆ ಮಾಡಿದ್ದನ್ನು ನಾವು ಮೂರಡಿ ಪಾತಿಗೆ ಮಾಡಿಕೊಳ್ಳಬಹುದು, ಅಲ್ವಾ?

ಮೊದಲು ಬಿಸಿಲು ನೋಡಿ. "ನಮ್ಮಲ್ಲಿ ಬಿಸಿಲು ಚೆನ್ನಾಗಿದೆ" ಅಂತ ಎಲ್ಲರೂ ಹೇಳುತ್ತಾರೆ, ಯಾವ ತಿಂಗಳಲ್ಲಿ ನೋಡಿದ್ದು ಅಂತ ಕೇಳಿದರೆ ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಉಳಿಯುತ್ತದೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಉಳಿದ ತಿಂಗಳೆಲ್ಲಾ ದಕ್ಷಿಣಕ್ಕೆ. ಹಾಗಾಗಿ ಮನೆಯ ಉತ್ತರ ದಿಕ್ಕಿನ ಪಾತಿಗೆ ಮೇ ತಿಂಗಳಲ್ಲಿ ಒಳ್ಳೇ ಬಿಸಿಲು ಬಿದ್ದರೂ ಡಿಸೆಂಬರ್‌ನಲ್ಲಿ ಮನೆಯ ನೆರಳೇ ಅದರ ಮೇಲೆ ಕೂತಿರುತ್ತದೆ. 30 ಅಡಿ ಎತ್ತರದ ಕಟ್ಟಡದ ನೆರಳು ಡಿಸೆಂಬರ್ ಮಧ್ಯಾಹ್ನ ಉತ್ತರಕ್ಕೆ ಸುಮಾರು 22 ಅಡಿ ಚಾಚುತ್ತದೆ. ಪಕ್ಕದ ಸೈಟಿನವರು ಮೂರಂತಸ್ತು ಎಬ್ಬಿಸಿದರೆ ಏನಾಗುತ್ತದೆ ಅಂತ ಇದರಿಂದಲೇ ಲೆಕ್ಕ ಹಾಕಿಕೊಳ್ಳಿ.

ಇಲ್ಲಿಂದಲೇ ಗಿಡದ ಆಯ್ಕೆ ಶುರುವಾಗುತ್ತದೆ. ಉತ್ತರದ ಪಾತಿಗೆ ಬೇಸಿಗೆ, ಮಳೆಗಾಲದಲ್ಲಿ ಹೂ ಬಿಡುವಂಥವು. ಚಳಿಗಾಲದ ಹೂವೆಲ್ಲಾ ದಕ್ಷಿಣಕ್ಕೆ ಅಥವಾ ಪೂರ್ವಕ್ಕೆ. ದಿನಕ್ಕೆ ಆರು ಗಂಟೆ ಬಿಸಿಲಿದ್ದರೆ ನಾನು ಮುಂದೆ ಹೇಳುವ ಗಿಡಗಳೆಲ್ಲಾ ಬರುತ್ತವೆ.

ಮಣ್ಣಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಾಂಪೌಂಡ್ ಪಕ್ಕದಲ್ಲಿ ಅಗೆದರೆ ಮೊದಲು ಸಿಗುವುದು ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್. ಒಂದೂವರೆ ಅಡಿ ಆಳದವರೆಗೆ ಅದನ್ನೆಲ್ಲಾ ಎತ್ತಿ ಹಾಕಿಸಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ. ಪ್ರತಿ ಗುಣಿಗೆ ಒಂದೊಂದು ಹಿಡಿ ಬೇವಿನ ಹಿಂಡಿ ಹಾಕಿ. ಪಾತಿ ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಇರಲಿ. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ನೀರು ನಿಂತು ಬೇರು ಕೊಳೆಯುವುದು ಇದರಿಂದ ತಪ್ಪುತ್ತದೆ.

ಸಿಮೆಂಟ್ ತೆಗೆಸಿ ಅಂದದ್ದು ಸುಮ್ನೆ ಅಲ್ಲ. ಕೇಪಳದ (ಇಕ್ಸೋರಾ) ಗಿಡ ನೋಡಿದರೆ ಕಾರಣ ಗೊತ್ತಾಗುತ್ತದೆ. ಕುಳ್ಳ ಜಾತಿಯ ಕೇಪಳ ಬಿಸಿಲಿನ ಪಾತಿಯ ನಡುಸಾಲಿಗೆ ಬಲು ಒಳ್ಳೆಯದು. ಕೆಂಪು, ಕಿತ್ತಳೆ, ಹಳದಿ, ಗುಲಾಬಿ ಬಣ್ಣಗಳಲ್ಲಿ ಸಿಗುತ್ತದೆ, ವರ್ಷದಲ್ಲಿ ಹಲವು ಸಲ ಗೊಂಚಲು ಬಿಡುತ್ತದೆ. ಆದರೆ ಸುಣ್ಣದ ಅಂಶ ಅದಕ್ಕೆ ಆಗುವುದಿಲ್ಲ. ಹೊಸ ಎಲೆ ಕೈಯಲ್ಲಿ ಹಿಡಿದು ನೋಡಿ. ನರಗಳು ಹಸಿರಾಗಿದ್ದು ನಡುವಿನ ಜಾಗವೆಲ್ಲಾ ಹಳದಿ ಆಗಿದ್ದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗುತ್ತಿಲ್ಲ ಅಂತ ಅರ್ಥ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸಿಮೆಂಟಿನ ಸುಣ್ಣ, ಬೋರ್‌ವೆಲ್ಲಿನ ಗಡಸು ನೀರು ಸೇರಿ ಅದನ್ನು ಬೇರಿಗೆ ಸಿಗದ ಹಾಗೆ ಮಾಡುತ್ತವೆ. ಜನ ಗೊಬ್ಬರ ಸಾಲದು ಅಂತ ಇನ್ನಷ್ಟು ಗೊಬ್ಬರ ಸುರಿಯುತ್ತಾರೆ. ಅದರಿಂದ ಪ್ರಯೋಜನ ಇಲ್ಲ. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ ಕೇಳಿ. ಲೀಟರ್ ನೀರಿಗೆ 5 ಗ್ರಾಂ ಕರಗಿಸಿ ಬುಡಕ್ಕೆ ಹಾಕಿ. ನೆಲದ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ನೋಡಿಕೊಂಡು ಹಾಕಿ. ಮಳೆನೀರು ಹಿಡಿದಿಟ್ಟಿದ್ದರೆ ಮೊದಲ ಪಾಲು ಕೇಪಳಕ್ಕೇ ಕೊಡಿ.

ಹಿಂದಿನ ಸಾಲಿಗೆ, ಗೋಡೆಗೆ ಅಂಟದ ಹಾಗೆ ಸ್ವಲ್ಪ ಜಾಗ ಬಿಟ್ಟು, ದಾಸವಾಳ ಮತ್ತು ನಂದಿಬಟ್ಟಲು. ಎರಡೂ ದೇವರಿಗೆ ಆಗುತ್ತವೆ, ಎರಡೂ ಕತ್ತರಿಗೆ ಹೆದರುವುದಿಲ್ಲ. ದಾಸವಾಳದಲ್ಲಿ ನಾನು ಹಳೇ ಕೆಂಪು ಐದೆಸಳಿನ ಜಾತಿಯನ್ನೇ ಹೇಳುತ್ತೇನೆ. ತಟ್ಟೆಯಗಲದ ಹೊಸ ಹೈಬ್ರಿಡ್‌ಗಳಿಗೆ ಆರೈಕೆ ಜಾಸ್ತಿ ಬೇಕು. ದಾಸವಾಳದ ಕುಡಿಯಲ್ಲಿ ಬಿಳಿ ಹಿಟ್ಟು ಚಿಮುಕಿಸಿದ ಹಾಗೆ ಕಂಡರೆ ಅದು ಹಿಟ್ಟು ತಿಗಣೆ. ಇರುವೆಗಳು ಅದರ ಸಿಹಿ ಅಂಟಿಗೋಸ್ಕರ ಅದನ್ನು ಕಾಯುತ್ತವೆ, ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೊತ್ತುಕೊಂಡೂ ಹೋಗುತ್ತವೆ. ಆ ಕುಡಿ ಕತ್ತರಿಸಿ, ಕವರಿನಲ್ಲಿ ಕಟ್ಟಿ ಬಿಸಾಡಿ. ಉಳಿದ ಗಿಡಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ನೀಲಿ ಬಣ್ಣ ಬೇಕಿದ್ದರೆ ಪ್ಲಂಬಾಗೊ. ಹೆಚ್ಚು ಕಡಿಮೆ ವರ್ಷವಿಡೀ ಹೂ. ಪುಟ್ಟ ಜೀಬ್ರಾ ಬ್ಲೂ ಚಿಟ್ಟೆ ಇದರ ಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ. ನಾಲ್ಕು ಮೊಗ್ಗು ಹುಳ ತಿಂದರೆ ತಿನ್ನಲಿ, ಔಷಧಿ ಹೊಡೆಯಬೇಡಿ.

ಇನ್ನು ಸೇವಂತಿಗೆ. ವರ್ಷಾ ವರ್ಷಾ ಕೊಂಡು ತಂದು, ಹೂ ಮುಗಿದ ಮೇಲೆ ಬಿಸಾಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದು ಬಾಳುವ ಗಿಡ. ಹೂ ಮುಗಿದ ಮೇಲೆ, ಜನವರಿ ಕೊನೆಯಲ್ಲೋ ಫೆಬ್ರವರಿಯಲ್ಲೋ, ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಬುಡದ ಸುತ್ತ ಮರಿಗಳು ಏಳುತ್ತವೆ. ಬೇಸಿಗೆಯಲ್ಲಿ ಬದುಕುವಷ್ಟು ನೀರು ಕೊಟ್ಟು, ಜೂನ್‌ನಲ್ಲಿ ಮರಿಗಳನ್ನು ಬೇರು ಸಮೇತ ಬಿಡಿಸಿ ಒಂದಡಿಗೆ ಒಂದರಂತೆ ನೆಡಿ. ತಿಂಗಳಾದ ಮೇಲೆ ತುದಿ ಚಿವುಟಿ. ಕವಲು ಹೆಚ್ಚುತ್ತದೆ, ಹೂವೂ ಹೆಚ್ಚುತ್ತದೆ. ಆಗಸ್ಟ್ ದಾಟಿದ ಮೇಲೆ ಚಿವುಟಬೇಡಿ, ಮೊಗ್ಗೇ ಹೋಗುತ್ತದೆ.

ಎಲ್ಲಾ ಮಾಡಿಯೂ ಸೇವಂತಿಗೆ ಬರೀ ಎಲೆ ಬಿಡುತ್ತಿದ್ದರೆ ರಾತ್ರಿ ಹೊತ್ತು ಹೊರಗೆ ಬಂದು ನೋಡಿ. ಬೀದಿ ದೀಪ ಅಥವಾ ಗೇಟಿನ ದೀಪ ನೇರ ಗಿಡದ ಮೇಲೆ ಬೀಳುತ್ತಿರುತ್ತದೆ. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ಉದ್ದನೆಯ ಕತ್ತಲು ಬೇಕು. ಮಳೆಗಾಲ ಕಳೆದು ರಾತ್ರಿ ಉದ್ದ ಆದಾಗಲೇ ಅದು ಹೂವಿಗೆ ತಿರುಗುವುದು. ಹೂವಿನ ರೈತರು ತೋಟದಲ್ಲಿ ರಾತ್ರಿ ಬಲ್ಬು ಉರಿಸುವುದೂ ಇದೇ ಕಾರಣಕ್ಕೆ. ಹೂವನ್ನು ತಡೆದು, ಗಿಡ ಬೆಳೆಸಿ, ತಮಗೆ ಬೇಕಾದ ಹೊತ್ತಿಗೆ ದೀಪ ಆರಿಸುತ್ತಾರೆ. ನಿಮ್ಮ ಮನೆಯಲ್ಲಿ ಗಿಡವನ್ನು ಹಗಲು ಬಿಸಿಲಿದ್ದು ರಾತ್ರಿ ದೀಪ ಬೀಳದ ಜಾಗಕ್ಕೆ ಸರಿಸಿದರೆ ಸಾಕು.

ಸೇವಂತಿಗೆಯ ಜೊತೆಗೇ ಸ್ಫಟಿಕದ ಹೂವೂ ಬರುತ್ತದೆ. ನೇರಳೆ, ಬಿಳಿ, ಗುಲಾಬಿ, ಪಟ್ಟೆ ಪಟ್ಟೆಯದು ಕೂಡ ಇದೆ. ಅಕ್ಟೋಬರ್‌ನಿಂದ ಜನವರಿವರೆಗೆ ತುಂಬಿ ಬಿಡುತ್ತದೆ, ಅದು ಕೇಳುವ ಆರೈಕೆ ಮಾತ್ರ ಬಹಳ ಕಡಿಮೆ. ನರ್ಸರಿಗಳಲ್ಲಿ ಈಗ ಸಿಗುವುದು ಕಷ್ಟ. ಹಳೇ ಮನೆಗಳವರ ಹತ್ತಿರ ಒಂದು ಕಡ್ಡಿ ಕೇಳಿ, ಮಳೆಗಾಲದಲ್ಲಿ ಊರಿದರೆ ಹಿಡಿಯುತ್ತದೆ.

ಕನಕಾಂಬರವನ್ನು ಮಧ್ಯಾಹ್ನದ ನಂತರ ಸ್ವಲ್ಪ ನೆರಳು ಬೀಳುವ ತುದಿಗೆ ಹಾಕಿ. ಹೂ ಉದುರಿದ ತೆನೆಯನ್ನು ಆಗಾಗ ಕತ್ತರಿಸುತ್ತಿರಿ. ಮೊಮ್ಮಕ್ಕಳಿದ್ದರೆ ಒಣಗಿದ ತೆನೆ ಒಂದೆರಡು ಬಿಡಿ. ಅದರ ಕಾಯಿಗೆ ನೀರು ತಾಗಿಸಿದರೆ ಪಟ್ ಅಂತ ಸಿಡಿದು ಬೀಜ ಹಾರುತ್ತದೆ.

ಮೇ ತಿಂಗಳಿಂದ ಮಳೆಗಾಲದವರೆಗಿನ ಹೂವಿಗೆ ಸುಗಂಧರಾಜದ ಗೆಡ್ಡೆ ಇಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ಶೃಂಗಾರ್, ಪ್ರಜ್ವಲ್ ಒಂಟಿ ಸುತ್ತಿನವು, ಸುವಾಸಿನಿ ಹಲವು ಸುತ್ತಿನದು. ಪರಿಮಳಕ್ಕೆ ಒಂಟಿ ಸುತ್ತಿನದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಎರಡು ಮೂರು ವರ್ಷಕ್ಕೊಮ್ಮೆ ಗೆಡ್ಡೆ ಕಿತ್ತು ಬಿಡಿಸಿ ನೆಡಬೇಕು, ಇಲ್ಲದಿದ್ದರೆ ಒತ್ತೊತ್ತಾಗಿ ಹೂ ನಿಲ್ಲುತ್ತದೆ. ಪಾತಿಯ ಅಂಚಿಗೆ ರೈನ್ ಲಿಲ್ಲಿ. ಬೇಸಿಗೆಯಲ್ಲಿ ಹುಲ್ಲಿನ ಹಾಗೆ ಬಿದ್ದಿದ್ದು ಒಳ್ಳೇ ಮಳೆ ಬಿದ್ದ ಕೆಲವೇ ದಿನಕ್ಕೆ ಸಾಲಿಗೆ ಸಾಲೇ ಅರಳುತ್ತದೆ.

ನಿತ್ಯಪುಷ್ಪ ಎಲ್ಲಿ ಹಾಕಿದರೂ ಬದುಕುತ್ತದೆ, ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು. ಕಣಗಿಲೆಯೂ ಬಿಸಿಲಿಗೆ ಬಗ್ಗದ ಗಿಡ. ಆದರೆ ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಪುಟ್ಟ ಮಕ್ಕಳೋ ನಾಯಿಯೋ ಇರುವ ಮನೆಗೆ ಬೇಡವೇ ಬೇಡ. ನಿತ್ಯಪುಷ್ಪವನ್ನೂ ಸಕ್ಕರೆ ಕಾಯಿಲೆಗೆ ಅಂತ ಎಲೆ ಅಗಿಯುವವರಿದ್ದಾರೆ, ಹಾಗೆ ಮಾಡಬೇಡಿ. ಅದರಿಂದ ಕ್ಯಾನ್ಸರ್ ಔಷಧಿ ತೆಗೆಯುತ್ತಾರೆ ಅಂದರೆ ಎಷ್ಟು ತೀಕ್ಷ್ಣ ಅಂತ ನೀವೇ ಯೋಚಿಸಿ.

ಲಂಟಾನಾವನ್ನು ನಾನು ಯಾರಿಗೂ ಹೇಳುವುದಿಲ್ಲ. ಬಂಡೀಪುರದ ಕಾಡು, ಮಲೆ ಮಹದೇಶ್ವರ ಬೆಟ್ಟದ ಕಾಡು ಎಲ್ಲಾ ಅದರ ಪೊದೆಯಿಂದ ತುಂಬಿಹೋಗಿದೆ. ಹಕ್ಕಿ ಹಣ್ಣು ತಿಂದು ಬೀಜವನ್ನು ಎಲ್ಲೆಲ್ಲೋ ಹಾಕುತ್ತದೆ. ಅಷ್ಟೇ ಖಡಾಖಂಡಿತವಾಗಿ ಪಿಯೋನಿ ಕೂಡ ಬೇಡ ಅನ್ನುತ್ತೇನೆ. ವಿಡಿಯೋದಲ್ಲಿ ನೋಡಿ ಆಸೆಪಡುತ್ತಾರೆ, ಅದಕ್ಕೆ ತಿಂಗಳುಗಟ್ಟಲೆ ಕೊರೆಯುವ ಚಳಿ ಬೇಕು. ನಮ್ಮ ಊರಿನ ಡಿಸೆಂಬರ್ ಅದಕ್ಕೆ ಯಾತಕ್ಕೂ ಸಾಲದು.

ನೀರಿನ ಮಾತು ಹೇಳಲೇಬೇಕು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಹೇಳಿತ್ತು. ಅಂಥ ಬೇಸಿಗೆ ಮತ್ತೆ ಬರುವುದಿಲ್ಲ ಅಂತ ಹೇಗೆ ಹೇಳುವುದು? ಬೇರೂರಿದ ದಾಸವಾಳ, ನಂದಿಬಟ್ಟಲು, ಪ್ಲಂಬಾಗೊ ವಾರಕ್ಕೆ ಎರಡು ಸಲ ಅಕ್ಕಿ, ತರಕಾರಿ ತೊಳೆದ ನೀರು ಹಾಕಿದರೂ ಬೇಸಿಗೆ ದಾಟುತ್ತವೆ. ಬುಡಕ್ಕೆ ಒಣ ಎಲೆ ಎರಡು ಇಂಚು ಹೊದಿಸಿ. ಆರ್‌ಓ ಫಿಲ್ಟರಿನ ವೇಸ್ಟ್ ನೀರಲ್ಲಿ ಉಪ್ಪಿನಂಶ ಜಾಸ್ತಿ, ಅದನ್ನು ನೆಲ ಒರೆಸೋಕೆ ಇಟ್ಟುಕೊಳ್ಳಿ. ಬಾಳೆಯಂಥ ಅಗಲ ಎಲೆಯ ಹೂಗಿಡ ಕ್ಯಾನಾಗೆ ನೀರು ಜಾಸ್ತಿ ಬೇಕು, ಅನುಕೂಲ ಇದ್ದರೆ ಮಾತ್ರ ಹಾಕಿ.

ನೆಡುವುದಕ್ಕೆ ಮೃಗಶಿರ ಮಳೆ ಸರಿಯಾದ ಕಾಲ, ಅಂದರೆ ಜೂನ್ ಎರಡನೇ ವಾರದಿಂದ. ಬೇಸಿಗೆಯಲ್ಲಿ ನೆಟ್ಟ ಗಿಡ ಬೇರು ಬಿಡುವುದಕ್ಕೇ ಒದ್ದಾಡುತ್ತದೆ. ಲಾಲ್‌ಬಾಗ್ ಒಳಗಿನ ನರ್ಸರಿ ಸೊಸೈಟಿಯಲ್ಲೋ ಸಿದ್ದಾಪುರದ ನರ್ಸರಿಗಳಲ್ಲೋ ಕೊಳ್ಳುವಾಗ ಹೂ ತುಂಬಿದ ಗಿಡ ಬಿಟ್ಟು, ಕುಳ್ಳಗೆ, ಬುಡದಿಂದಲೇ ಮೂರು ನಾಲ್ಕು ಕವಲು ಒಡೆದದ್ದನ್ನು ತೆಗೆದುಕೊಳ್ಳಿ. ಕವರಿನ ತಳ ನೋಡಿ. ತೂತಿನಿಂದ ದಪ್ಪ ಬೇರು ಹೊರಗೆ ಬಂದಿದ್ದರೆ ಗಿಡ ಅದರಲ್ಲೇ ಬಹಳ ದಿನ ಇದೆ ಅಂತ ತಿಳಿಯಿರಿ, ಒಳಗೆ ಬೇರು ಸುತ್ತಿಕೊಂಡಿರುತ್ತದೆ. ಎಲೆಯ ಅಡಿಭಾಗ ತಿರುಗಿಸಿ ನೋಡಿ, ಹಿಟ್ಟು ತಿಗಣೆ ಮನೆಗೆ ಬರುವುದು ಅಲ್ಲಿಂದಲೇ. ತಂದ ಗಿಡವನ್ನು ಒಂದು ವಾರ ಬೇರೆ ಗಿಡಗಳಿಂದ ದೂರ ಇಟ್ಟು, ಆಮೇಲೆ ಸಂಜೆ ಹೊತ್ತಲ್ಲಿ ನೆಡಿ.