ನೋವಿನ ಗುಂಪಿಗೆ ಸೇರುವ ಮುಂಚೆ, ಸೇರಿದ ಮೇಲೆ

ಮೂರು ತಿಂಗಳಿಗಿಂತ ಜಾಸ್ತಿ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಇದಕ್ಕೆ ಮನಶ್ಶಾಸ್ತ್ರಜ್ಞರು ನಡೆಸುವ, ಇಂಥ ನೋವಿರುವವರ ಗುಂಪಿಗೆ ಹೋಗಿ ಎಂದರೆ ಅನೇಕರಿಗೆ ಸಿಟ್ಟು ಬರುತ್ತದೆ. ‘ಹಾಗಾದ್ರೆ ನನ್ನ ನೋವು ಸುಳ್ಳಾ?’ ಖಂಡಿತ ಅಲ್ಲ. ನೋವು ಹಳೆಯದಾದಂತೆ ನರಮಂಡಲವೇ ಸೂಕ್ಷ್ಮವಾಗಬಹುದು. ಭಯ, ನಿದ್ದೆಗೇಡು, ಬೇಸರ ಸೇರಿಕೊಂಡರೆ ನೋವು ಇನ್ನಷ್ಟು ಕಾಡುತ್ತದೆ. ಗುಂಪಿನಲ್ಲಿ ಕೆಲಸ ನಡೆಯುವುದು ಇವುಗಳ ಮೇಲೆ.

ಮೊದಲು ತಪಾಸಣೆ ಮುಗಿಸಿಕೊಳ್ಳಿ. ಹೊಸದಾಗಿ ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಆಮೇಲೆ ಗುಂಪು ನಡೆಸುವವರ ತರಬೇತಿ ಏನು, ಎಷ್ಟು ವಾರ ಎಂದು ಕೇಳಿ. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ ಮನೋಚಿಕಿತ್ಸೆಯಲ್ಲಿ ಯೋಚನೆ, ನಡವಳಿಕೆ ಬದಲಿಸುವ ಅಭ್ಯಾಸ ಇರುತ್ತದೆ. ಮೈಂಡ್‌ಫುಲ್‌ನೆಸ್ ಗುಂಪಿನಲ್ಲಿ ಉಸಿರು, ಮೈಯತ್ತ ಗಮನ ಕೊಡುವುದನ್ನು ಕಲಿಸುತ್ತಾರೆ. ವಿಜ್ಞಾನಿ ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಈ ಬಗೆಯ ತರಗತಿ ಈಗ ಸಾಮಾನ್ಯವಾಗಿ 8 ವಾರದ್ದು.

ಮೊದಲ ದಿನವೇ ‘ನಡುವೆ ಎದ್ದು ಓಡಾಡಬೇಕಾಗುತ್ತದೆ’ ಎಂದು ಹೇಳಿಬಿಡಿ. ಮಾತಾಡಲು ಮನಸ್ಸಿಲ್ಲದಿದ್ದರೆ ಸುಮ್ನೆ ಕೂತು ಕೇಳಬಹುದು. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಯಾರ ನೋವು ದೊಡ್ಡದು ಎಂಬ ಪೈಪೋಟಿ ಶುರುವಾದರೆ ನಡೆಸುವವರು ತಡೆಯಬೇಕು. ತಡೆಯದ ಗುಂಪಿನಿಂದ ದೂರವಿರುವುದೇ ಒಳ್ಳೆಯದು.

ನನ್ನ ಪ್ರಕಾರ ಕಲಿಯಲೇಬೇಕಾದದ್ದು ಕೆಲಸವನ್ನು ಅಳತೆಯಲ್ಲಿ ಮಾಡುವುದು. ನೋವು ಕಮ್ಮಿಯಾದ ದಿನ ಬಾಕಿ ಕೆಲಸವನ್ನೆಲ್ಲ ಮಾಡಿ, ಮರುದಿನ ಹಾಸಿಗೆ ಹಿಡಿಯುತ್ತೇವೆ, ಅಲ್ವಾ? ನಿಲ್ಲುವುದನ್ನೇ ತೆಗೆದುಕೊಳ್ಳಿ. ನೋವು ಏರುವ ತನಕ ಎಷ್ಟು ಹೊತ್ತು ನಿಲ್ಲಬಲ್ಲಿರಿ ಎಂದು ಮೂರು ದಿನ ನೋಡಿ. 8, 12, 10 ನಿಮಿಷ ಬಂತು ಎನ್ನಿ, ಸರಾಸರಿ 10. ಶುರು ಮಾಡುವುದು ಅದಕ್ಕಿಂತ ಸ್ವಲ್ಪ ಕಮ್ಮಿ, 8ರಿಂದ. ಅಷ್ಟಕ್ಕೆ ಅಲಾರಾಂ ಇಟ್ಟುಕೊಳ್ಳಿ. ಮೈ ಹಗುರಾಗಿದ್ದ ದಿನವೂ ಅಷ್ಟೇ, ಅಲಾರಾಂ ಹೊಡೆದರೆ ಕೂರಬೇಕು. ಕಷ್ಟ ಇರುವುದೇ ಇಲ್ಲಿ! ಒಗ್ಗಿದ ಮೇಲೆ ಒಂದೊಂದೇ ನಿಮಿಷ ಏರಿಸಿ. ಬರೆದಿಟ್ಟ ಲೆಕ್ಕ ಗುಂಪಿಗೆ ತನ್ನಿ. ‘ನಾನೂ ಮೊನ್ನೆ ಅಲಾರಾಂ ಕೇಳಿಸದ ಹಾಗೆ ನಟಿಸಿದೆ’ ಎಂದು ಪಕ್ಕದವರು ನಕ್ಕಾಗ ಆಗುವ ಸಮಾಧಾನ ವೈದ್ಯರ ಸಲಹೆಯಲ್ಲಿ ಸಿಗದು.

ನೋವು ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಸಿಬಿಟಿಯಿಂದ ನೋವು, ಓಡಾಟದ ತೊಂದರೆ, ಮನಸ್ಸಿನ ಕಳವಳ ಸರಾಸರಿ ಸ್ವಲ್ಪ ಮಾತ್ರ ಇಳಿಯುತ್ತವೆ.

ಕೊನೆಯ ವಾರದೊಳಗೆ, ನೋವು ಮತ್ತೆ ಕೆರಳಿದರೆ ಯಾವ ಕೆಲಸ ತಗ್ಗಿಸುವುದು, ಯಾವುದನ್ನು ಬಿಡಬಾರದು, ಯಾರಿಗೆ ಫೋನ್ ಮಾಡುವುದು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮನೆಯವರಿಗೂ ಒಂದು ಪ್ರತಿ ಕೊಡಿ.