‘ನೀಲಿ ರಿಗಿ’ಯ ನಕಲು ಬರೆದ ಅನುಭವ

ಇಂಗ್ಲಿಷ್ ಕಲಾವಿದ ಜೆ.ಎಂ.ಡಬ್ಲ್ಯೂ. ಟರ್ನರ್ 1842ರಲ್ಲಿ ಬರೆದ ‘ದಿ ಬ್ಲೂ ರಿಗಿ, ಸನ್‌ರೈಸ್’ ಎಂಬ ಜಲವರ್ಣ ಚಿತ್ರವನ್ನು ಕಳೆದ ಮಳೆಗಾಲದಲ್ಲಿ ಮೂಲದ ಅಳತೆಯಲ್ಲೇ, ಅಂದರೆ ಸುಮಾರು 30 ಸೆಂಟಿಮೀಟರ್ ಎತ್ತರ ಹಾಗೂ 45 ಸೆಂಟಿಮೀಟರ್ ಅಗಲದಲ್ಲಿ, ನಕಲು ಮಾಡಲು ಕುಳಿತೆ. ಅದರಲ್ಲಿ ಮೊದಲ ನೋಟಕ್ಕೆ ಕಾಣುವುದು ಇಷ್ಟೇ: ಸ್ವಿಟ್ಜರ್‌ಲೆಂಡಿನ ಲೂಸರ್ನ್ ಸರೋವರ, ಅದರಾಚೆಗೆ ನೀಲಿಯಲ್ಲಿ ನಿಂತ ರಿಗಿ ಬೆಟ್ಟ, ಬೆಟ್ಟದ ಹಿಂದಿನಿಂದ ಏರುತ್ತಿರುವ ಹಳದಿ ಬೆಳಕು. ಆ ಪ್ರಶಾಂತತೆ ಕಾಗದದ ಮೇಲೆ ಹೇಗೆ ಬಂತು ಎಂಬುದನ್ನು ಕೈಯಿಂದಲೇ ತಿಳಿಯಬೇಕೆಂಬ ಆಸೆ ನನ್ನದು.

ಅರವತ್ತು ದಾಟಿದ್ದ ಟರ್ನರ್ ಈ ಒಂದೇ ಬೆಟ್ಟವನ್ನು ಬೇರೆ ಬೇರೆ ಬೆಳಕಿನಲ್ಲಿ ಮತ್ತೆ ಮತ್ತೆ ನೋಡಿ, ನೀಲಿ, ಕೆಂಪು ಮತ್ತು ಕಪ್ಪು ರಿಗಿ ಎಂದು ಹೆಸರಾದ ಮೂರು ಚಿತ್ರಗಳನ್ನು ಪೂರ್ಣಗೊಳಿಸಿದರು. ಕೆಂಪು ರಿಗಿಯಲ್ಲಿರುವುದು ಸಂಜೆಯ ಬೆಳಕು. ನನಗೆ ಮಾತ್ರ ನೀಲಿಯದೇ ಹಂಬಲ.

300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದವನ್ನು ನೆನೆಸಿ, ಗಮ್ ಟೇಪಿನಿಂದ ಬೋರ್ಡಿಗೆ ಬಿಗಿದು, ಮೊದಲು ಆಕಾಶಕ್ಕೆ ಹಳದಿಯ ತೀರಾ ತೆಳುವಾದ ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ಲೇಪ, ಕೊಟ್ಟೆ. ಅದು ಒಣಗಿತೆಂದು ಭಾವಿಸಿ ಕೋಬಾಲ್ಟ್ ನೀಲಿಯನ್ನು ಎಳೆದಾಗ ಬೆಟ್ಟದ ನೆತ್ತಿಯಲ್ಲಿ ಹೂಕೋಸಿನ ಅಂಚಿನಂತಹ ಕಲೆ ಎದ್ದಿತು. ಮಳೆಗಾಲದ ತೇವದಲ್ಲಿ ಕಾಗದದ ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ನೀರು ಉಳಿದಿರುತ್ತದೆ. ಎರಡನೆಯ ಹಾಳೆಯಲ್ಲಿ ಪ್ರತಿ ಲೇಪದ ನಂತರವೂ ಅಂಗೈಯ ಹಿಂಭಾಗವನ್ನು ಕಾಗದಕ್ಕೆ ಮುಟ್ಟಿಸಿ, ತಣ್ಣನೆಯ ಸ್ಪರ್ಶ ಪೂರ್ತಿ ಹೋಗುವವರೆಗೆ ಕಾದೆ. ಹೀಗೆ ಏಳು ಲೇಪಗಳಾದ ಮೇಲೆಯೇ ಆ ನೀಲಿಗೆ ಆಳ ಬಂತು. ಒಂದೇ ಸಲಕ್ಕೆ ದಟ್ಟವಾಗಿ ಹಚ್ಚಿದ್ದ ನೀಲಿ ಗೋಡೆಯಂತೆ ಮಂಕಾಗಿತ್ತು.

ವಾಶ್‌ಗಳ ಮೇಲೆ ಸಣ್ಣ ಕುಂಚದಿಂದ ಕೂದಲೆಳೆಯಂತಹ ಗೆರೆಗಳನ್ನು ಎಳೆಯುವುದೇ ಅತ್ಯಂತ ದೀರ್ಘವಾದ ಕೆಲಸ. 2007ರಲ್ಲಿ ಬ್ರಿಟನ್ನಿನ ಟೇಟ್ ಸಂಗ್ರಹಾಲಯ ಈ ಚಿತ್ರವನ್ನು ಕೊಂಡು ದೇಶದಲ್ಲೇ ಉಳಿಸಿಕೊಳ್ಳಲು ಹಣ ಕೂಡಿಸುವಾಗ, ಒಂದು ಕುಂಚದ ಗೆರೆಗೆ 5 ಪೌಂಡ್ ಎಂದು ಜನರಿಂದ ದೇಣಿಗೆ ಕೇಳಿತ್ತು. ಆ ಗೆರೆಗಳನ್ನು ಸ್ವತಃ ಎಳೆದವನಾಗಿ, ಆ ಲೆಕ್ಕ ಎಷ್ಟು ಸೂಕ್ತವೆಂದು ನನಗೆ ಮನವರಿಕೆಯಾಗಿದೆ.

ಬೆಳಕನ್ನು ಬಿಳಿ ಬಣ್ಣದಿಂದ ತರುವ ಬದಲು ಕಾಗದವನ್ನು ಕೆರೆದು ತೆಗೆಯುವುದು ಟರ್ನರ್ ಬಹಳ ಬಳಸಿದ ಉಪಾಯ. ಅದಕ್ಕೆ ಅವರು ಹೆಬ್ಬೆರಳಿನ ಉಗುರನ್ನೂ ಬಳಸುತ್ತಿದ್ದರು. ನಾನು ಹಿಡಿದದ್ದು ಬ್ಲೇಡಿನ ಮೂಲೆಯನ್ನು. ಬೆಳ್ಳಿಚುಕ್ಕಿಗೆಂದು ಆಕಾಶವನ್ನು ಒಂದು ಸಾಸಿವೆಯಷ್ಟು ಕೆರೆದಾಗ, ಏಳು ಲೇಪಗಳ ಅಡಿಯಿಂದ ಹಾಳೆಯ ಬಿಳುಪು ಹೊರಬಂದು ಇಡೀ ಬೆಟ್ಟ ಹಿಂದಕ್ಕೆ ಸರಿದಂತಾಯಿತು. ಇನ್ನು ಉಳಿದಿರುವುದು ಮುನ್ನೆಲೆ. ಅಲ್ಲಿ ನಾಯಿಗಳು ನೀರಿಗೆ ಧುಮುಕಿ, ಬೆದರಿದ ಬಾತುಗಳು ಹಾರುತ್ತಿವೆ. ಸರೋವರ ಕದಡುವ ಆ ಒಂದೇ ಜಾಗವನ್ನು, ಕಾಗದ ಚೆನ್ನಾಗಿ ಒಣಗುವ ಬೇಸಿಗೆಗೆಂದು ಬಿಟ್ಟಿದ್ದೇನೆ.