ಕಲಬುರಗಿ ಬೇಸಿಗೆಯಲ್ಲಿ ನನ್ನ ಪಿಸಿ 95 ಡಿಗ್ರಿಯಿಂದ 75ಕ್ಕೆ ಇಳಿದದ್ದು

ಕಲಬುರಗಿಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. ಏಪ್ರಿಲ್, ಮೇ ಅಂದ್ರೆ ನಮಗೆ ಸುಗ್ಗಿ. ಹೊರಗೆ 42 ಡಿಗ್ರಿ ಬಿಸಿಲು ಬೀಳುವುದೂ ಆಗಲೇ. ಚಳಿಗಾಲದಲ್ಲಿ ಊಟದ ಹೊತ್ತಿಗೆ ಮುಗಿಯುತ್ತಿದ್ದ ರೆಂಡರ್ (ಎಡಿಟ್ ಆದದ್ದನ್ನು ಕೊನೆಯ ವಿಡಿಯೊ ಮಾಡುವ ಕೆಲಸ), ಬೇಸಿಗೆಯಲ್ಲಿ ಸಂಜೆ ಚಹಾ ಕುಡಿದು ಬಂದರೂ ಮುಗಿಯುತ್ತಿರಲಿಲ್ಲ. ಫ್ಯಾನ್ ಮಾತ್ರ ಹಿಟ್ಟಿನ ಗಿರಣಿ ಹಾಗೆ ಕೂಗುತ್ತಿತ್ತು. ಎರಡು ಬೇಸಿಗೆ ಹಾಗೇ ತಳ್ಳಿದೆ. ವಿಂಡೋಸ್ ಮತ್ತೆ ಹಾಕಿಸಿದೆ, ರ‍್ಯಾಮ್ ಜಾಸ್ತಿ ಮಾಡಿಸಿದೆ. ಏನೂ ಆಗಲಿಲ್ಲ.

ಒಳಗಿರುವುದು ರೈಜನ್ 5 3600. 2019ರಲ್ಲಿ ಬಂದ ಆರು ಕೋರಿನ ಪ್ರೊಸೆಸರ್, ಅಂದ್ರೆ ಪಿಸಿಯ ಮುಖ್ಯ ಚಿಪ್. ಡಬ್ಬಿ ಮೇಲೆ 65 ವಾಟ್ ಅಂತಿದೆ. ಪೂರ್ತಿ ಕೆಲಸ ಬಿದ್ದಾಗ 88 ವಾಟ್‌ವರೆಗೂ ಎಳೆಯುತ್ತದೆ. 95 ಡಿಗ್ರಿ ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಒಳಗಿನ ಬಿಸಿ, ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೋ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದನ್ನು ತೆರೆದಿಟ್ಟು, ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಸಿನೆಬೆಂಚ್ ಹತ್ತು ನಿಮಿಷ ಓಡಿಸಿದೆ. ನಾಲ್ಕನೇ ನಿಮಿಷಕ್ಕೇ 95. ನಾಲ್ಕು ಗಿಗಾಹರ್ಟ್ಜ್ ಹತ್ತಿರ ಓಡಬೇಕಿದ್ದ ವೇಗ ಮೂರೂವರೆಗೆ ಇಳಿದು ಅಲ್ಲೇ ಕೂತಿತು. ಸಾಫ್ಟ್‌ವೇರ್ ತಪ್ಪು ಅಲ್ಲ, ಉಸಿರು ಕಟ್ಟಿದೆ ಅಂತ ಗೊತ್ತಾಯಿತು.

ಪಕ್ಕದಲ್ಲಿ ಒಂದು ಥರ್ಮಾಮೀಟರ್ ಕೂಡ ಇಟ್ಟೆ. ಕೋಣೆಯೊಳಗೆ 37. ಪ್ರೊಸೆಸರ್ ಮೇಲೆ ಕೂರಿಸುವ, ಗಾಳಿಯಿಂದ ತಣಿಸುವ ಯಾವ ಕೂಲರ್ ಆದರೂ ಕೋಣೆಯ ಬಿಸಿಗಿಂತ ಕೆಳಗೆ ಇಳಿಸಲಾರದು. ಹಾಗಾಗಿ ನೋಡಬೇಕಾದದ್ದು ಕೋಣೆಗಿಂತ ಎಷ್ಟು ಮೇಲೆ ಇದೆ ಅನ್ನುವುದನ್ನು. ಬೆಂಗಳೂರಿನ ಗೆಳೆಯ 'ನಂದು 70 ದಾಟಲ್ಲ' ಅಂದರೆ ಹೊಟ್ಟೆಕಿಚ್ಚು ಪಡಬೇಕಿಲ್ಲ, ಅವನ ಕೋಣೆ 26 ಇರುತ್ತೆ.

ಮೊದಲು ಮಾಡಿದ್ದು ದುಡ್ಡೇ ಬೇಡದ ಕೆಲಸ. ನಮ್ಮ ಕಂಪ್ಯೂಟರ್ ಟೇಬಲ್‌ಗಳಲ್ಲಿ ಪಿಸಿ ಇಡಲು ಒಂದು ಗೂಡು ಇರುತ್ತೆ ಅಲ್ವಾ, ಮೂರು ಕಡೆ ಹಲಗೆ, ಹಿಂದೆ ಗೋಡೆ? ನನ್ನದೂ ಅದರೊಳಗೇ ಇತ್ತು. ಹಿಂದಿನಿಂದ ಬಿಟ್ಟ ಬಿಸಿಗಾಳಿ ಅಲ್ಲೇ ಸುತ್ತಿ ಮತ್ತೆ ಮುಂದಿನಿಂದ ಒಳಗೆ ಹೋಗುತ್ತಿತ್ತು. ಹೊರಗೆ ತೆಗೆದು ಮರದ ಮಣೆ ಮೇಲಿಟ್ಟು ಮತ್ತೆ ಅಳೆದೆ. ಅದೇ 95! ಸೋತೆ ಅಂದುಕೊಂಡೆ. ಆಮೇಲೆ ಸಾಫ್ಟ್‌ವೇರ್‌ನಲ್ಲಿ ಪಕ್ಕದ ಸಾಲು ನೋಡಿದರೆ ವೇಗ 3.5ರಿಂದ 3.75 ಆಗಿತ್ತು. ಸಿಕ್ಕ ಗಾಳಿಯನ್ನೆಲ್ಲ ಪ್ರೊಸೆಸರ್ ವೇಗಕ್ಕೆ ಖರ್ಚು ಮಾಡಿಕೊಂಡಿತ್ತು. ಗರಿಷ್ಠ ಬಿಸಿಗೆ ತಾಗಿ ನಿಂತ ಯಂತ್ರದಲ್ಲಿ ಡಿಗ್ರಿ ಒಂದನ್ನೇ ನೋಡುತ್ತ ಕೂತರೆ ಮೋಸ ಹೋಗುತ್ತೀರಿ. ವೇಗವನ್ನೂ ನೋಡಬೇಕು.

ಆಮೇಲೆ ಧೂಳು. ಕೂಲರ್‌ನ ಫ್ಯಾನ್ ಬಿಚ್ಚಿದಾಗ ಕೆಳಗಿನ ಅಲ್ಯೂಮಿನಿಯಂ ರೆಕ್ಕೆಗಳು ಕಾಣಲೇ ಇಲ್ಲ. ಹಳೇ ಗಾದಿಯ ಹತ್ತಿಯಂಥ ಬೂದು ಪದರ, ಕೈಯಲ್ಲಿ ಎತ್ತಿದರೆ ಚಪ್ಪಟೆಯಾಗಿ ಎದ್ದು ಬಂತು. ಅಂಗಡಿಯಲ್ಲಿ ದಿನಾ ಬೆಳಗಿನ ಊದುಬತ್ತಿ ಹೊಗೆ ಬೇರೆ. ಆ ಜಿಡ್ಡು ಧೂಳನ್ನು ಅಂಟಿಸಿ ಹಿಡಿದಿತ್ತು. ಬಣ್ಣ ಬಳಿಯುವ ಬ್ರಷ್‌ನಿಂದ ಸಡಿಲ ಮಾಡಿ, ಅಂಗಳಕ್ಕೆ ಒಯ್ದು ಬ್ಲೋವರ್ ಹಿಡಿದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಸುಮ್ನೆ ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತೆ. ಈಗ 92.

ಮುಂದಿನದು ಒಂದು ಪರೀಕ್ಷೆ. ಹೊಸದೇನಾದರೂ ಕೊಳ್ಳುವ ಮೊದಲು ಯಾರಾದರೂ ಇದನ್ನು ಮಾಡಲೇಬೇಕು ಅನ್ನುತ್ತೇನೆ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಹತ್ತು ನಿಮಿಷ ಓಡಿಸಿ. ಒಂದೆರಡು ಡಿಗ್ರಿ ಇಳಿದರೆ ಕೂಲರ್ ಸಣ್ಣದು ಅಂತ ಅರ್ಥ. ನನ್ನದು ಆರು ಡಿಗ್ರಿ ಇಳಿಯಿತು. ಅಂದರೆ ಕ್ಯಾಬಿನೆಟ್ಟೇ ಗಾಳಿ ಬಿಡುತ್ತಿಲ್ಲ. ಮುಂದೆ ನೋಡಿದರೆ ಚಂದದ ಗಾಜಿನ ಫಲಕ, ಒಳಗೆ ಬಣ್ಣದ ದೀಪದ ಎರಡು ಫ್ಯಾನ್. ಗಾಳಿ ಹೋಗಲು ಅಂಚಿನಲ್ಲಿ ಬೆರಳು ತೂರದಷ್ಟು ಸಂದಿ. ಗಿರಾಕಿಗಳಿಗೆ ಕಾಣಲಿ ಅಂತ ನಾನೇ ಆರಿಸಿಕೊಂಡದ್ದು, ಬೇರೆ ಯಾರನ್ನು ಬಯ್ಯಲಿ?

ಹಿಂದಿನ ಫ್ಯಾನ್ ಬಗ್ಗೆ ಗೊತ್ತಾದದ್ದು ಅಂಗಡಿ ಹುಡುಗನಿಂದ. ಗಾಳಿ ಎತ್ತ ಹೋಗುತ್ತೆ ನೋಡೋಣ ಅಂತ ಊದುಬತ್ತಿ ಹಚ್ಚಿ ಅವನ ಕೈಗೆ ಕೊಟ್ಟು ಹಿಂದೆ ಹಿಡಿಸಿದೆ.

"ಅಣ್ಣಾ, ಹೊಗಿ ಒಳಗ ಹೊಂಟದ ನೋಡ್ರಿ" ಅಂದ.

ನಂಬದೆ ನಾನೂ ಬಗ್ಗಿ ನೋಡಿದೆ. ನಿಜ. ಬಿಸಿ ಹೊರಹಾಕಬೇಕಿದ್ದ ಫ್ಯಾನ್ ಉಲ್ಟಾ ಕೂತಿತ್ತು. ಜೋಡಿಸಿಕೊಟ್ಟವರು ಹಾಗೇ ಹಾಕಿದ್ದರು, ನಾಲ್ಕು ವರ್ಷ ನಾನೂ ನೋಡಿರಲಿಲ್ಲ. ಫ್ಯಾನ್‌ನ ಹಿಂಬದಿಯಲ್ಲಿ ಮೋಟರ್ ಹಿಡಿದ ಅಡ್ಡ ಪಟ್ಟಿಗಳು ಇರುತ್ತವೆ. ಗಾಳಿ ಹೊರಡುವುದು ಆ ಕಡೆಯಿಂದ. ನಾಲ್ಕು ಸ್ಕ್ರೂ ಬಿಚ್ಚಿ ತಿರುಗಿಸಿದೆ. ಗಾಜಿನ ಫಲಕ ತೆಗೆದು ಅಟ್ಟಕ್ಕೆ ಹಾಕಿ, ಅದರ ಜಾಗಕ್ಕೆ ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿ ಕತ್ತರಿಸಿ ಅಂಟಿಸಿದೆ. ಎರಡು ಫ್ಯಾನ್ ಒಳಗೆ ತರುತ್ತವೆ, ಒಂದು ಹೊರಗೆ ಹಾಕುತ್ತೆ. ಒಳಗೆ ಬರುವ ಗಾಳಿ ಸ್ವಲ್ಪ ಜಾಸ್ತಿ ಇದ್ದರೆ ಧೂಳು ಜಾಲರಿ ದಾಟಿಯೇ ಬರಬೇಕು, ಸಂದಿಗೊಂದಿಯಿಂದ ನುಸುಳುವುದು ಕಡಿಮೆ. ಜಾಲರಿಯಿಂದ ಒಂದು ಡಿಗ್ರಿ ಕಳೆದುಕೊಂಡೆ ಅನ್ನಿಸಿತು, ಹೋಗಲಿ. ಬಾಗಿಲು ಮುಚ್ಚಿ ಅಳೆದಾಗ 87.

ಇಷ್ಟೊತ್ತಿಗೆ ಖರ್ಚಾದದ್ದು ಜಾಲರಿ ಮತ್ತು ಅಂಟಿನ ಪಟ್ಟಿ ಮಾತ್ರ. ಆದರೆ 37ರ ಮೇಲೆ ಇನ್ನೂ 50 ಡಿಗ್ರಿ. ಇನ್ನು ದೊಡ್ಡ ಕೂಲರ್ ಬೇಕೇ ಬೇಕು. ಮನೆಯಲ್ಲಿ ಹೇಳಿದೆ.

"ಮನ್ಯಾಗ ಎರಡು ಅವ ಅಲ್ರೀ, ಮತ್ತೊಂದು ಕೂಲರ್ ಯಾಕ್ರೀ?" ಅಂದಳು ಹೆಂಡತಿ.

ನಮ್ಮ ಕಡೆ ಕೂಲರ್ ಅಂದ್ರೆ ನೀರು ಹಾಕುವ ತಗಡಿನ ಡಬ್ಬಿಯೇ. ಹಾಗೆ ನೋಡಿದರೆ ಅದನ್ನೂ ಒಂದು ದಿನ ಪಿಸಿ ಕಡೆ ತಿರುಗಿಸಿ ನೋಡಿದ್ದೆ. ನಮ್ಮ ಒಣ ಬೇಸಿಗೆಯಲ್ಲಿ ಅದು ಚೆನ್ನಾಗಿಯೇ ತಣಿಸುತ್ತೆ. ಕೋಣೆ ಎಷ್ಟು ಇಳಿಯಿತೋ ಪ್ರೊಸೆಸರ್ ಕೂಡ ಅಷ್ಟೇ ಇಳಿಯಿತು. ಆದರೆ ಸಂಜೆ ಕ್ಯಾಬಿನೆಟ್ ಮೇಲೆ ಬೆರಳಾಡಿಸಿದರೆ ಬಿಳಿ ಪುಡಿ. ಹನಿಯ ಜೊತೆ ಹಾರಿ ಬಂದ ಬೋರ್‌ವೆಲ್ ನೀರಿನ ಉಪ್ಪು. ಅದು ಮದರ್‌ಬೋರ್ಡ್ ಮೇಲೆ ಕೂರುವುದು ಬೇಡ ಅಂತ ಬೇರೆ ಕಡೆ ತಿರುಗಿಸಿಬಿಟ್ಟೆ.

ನಾನು ತಂದದ್ದು ನಾಲ್ಕು ಹೀಟ್ ಪೈಪ್, ಒಂದು 120 ಮಿ.ಮೀ. ಫ್ಯಾನ್ ಇರುವ ಟವರ್ ಕೂಲರ್. ಎರಡೂವರೆ ಸಾವಿರದೊಳಗೆ ಬಂತು. ಎತ್ತರ 155 ಮಿ.ಮೀ., ನನ್ನ ಕ್ಯಾಬಿನೆಟ್‌ನಲ್ಲಿ 160 ಹಿಡಿಸುತ್ತೆ. ಸ್ಕೇಲ್ ಇಟ್ಟು ಅಳೆಯದೆ ತಂದರೆ ಬಾಗಿಲು ಮುಚ್ಚುವುದಿಲ್ಲ. ಹೀಟ್ ಪೈಪ್ ಒಳಗೆ ಸ್ವಲ್ಪವೇ ದ್ರವ ಇರುತ್ತೆ. ಒತ್ತಡ ಕಡಿಮೆ ಇರುವುದರಿಂದ ಸ್ವಲ್ಪ ಬಿಸಿಗೇ ಆವಿಯಾಗಿ ಮೇಲೇರುತ್ತೆ. ರೆಕ್ಕೆಗಳ ಹತ್ತಿರ ತಣ್ಣಗಾಗಿ, ಅನ್ನದ ಪಾತ್ರೆಯ ಮುಚ್ಚಳದ ನೀರಿನ ಹಾಗೆ ಮತ್ತೆ ಕೆಳಗಿಳಿಯುತ್ತೆ. ನೀರಿನ ಕೂಲಿಂಗ್ ಹಾಕಿಸು ಅಂದವರೂ ಇದ್ದರು. ಅದೂ ಕೊನೆಗೆ ಬಿಸಿ ಬಿಡುವುದು ಇದೇ 37ರ ಗಾಳಿಗೆ. ಸಾಲದ್ದಕ್ಕೆ ಅದರ ಪಂಪ್ ಕೆಟ್ಟರೆ ಮದುವೆ ಸೀಸನ್‌ನಲ್ಲಿ ಯಾರನ್ನು ಕರೆಯಲಿ?

ಇಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಪಿಸಿ ರಾತ್ರಿಯಿಡೀ ಆಫ್ ಇತ್ತು. ಬೆಳಿಗ್ಗೆ ಹಳೇ ಕೂಲರ್‌ನ ಸ್ಕ್ರೂ ಬಿಚ್ಚಿ ನೇರ ಮೇಲಕ್ಕೆ ಎಳೆದೆ. ಟಕ್ ಅಂತ ಸದ್ದು. ಕೂಲರ್ ತಿರುಗಿಸಿ ನೋಡಿದರೆ ತಳದಲ್ಲಿ ಪ್ರೊಸೆಸರ್ ಅಂಟಿಕೊಂಡು ಬಂದಿದೆ! ಅದು ಕೂರುವ ಸಾಕೆಟ್‌ನ ಲಾಕ್ ಹಾಕಿದ್ದಂತೆಯೇ ಇತ್ತು. ಬಿಸಿ ಚೆನ್ನಾಗಿ ದಾಟಲಿ ಅಂತ ಎರಡರ ನಡುವೆ ಹಚ್ಚಿದ್ದ ಪೇಸ್ಟ್ ಒಣಗಿ ಗೋಂದಿನ ಹಾಗೆ ಹಿಡಿದಿತ್ತು. ನನ್ನದು ಎಎಂ4 ಅನ್ನುವ ಸಾಕೆಟ್, ಅದರ ಪ್ರೊಸೆಸರ್ ತಳದಲ್ಲಿ 1331 ಪಿನ್‌ಗಳು, ಕೂದಲಿನಷ್ಟು ಸಣ್ಣ. ಮೂಲೆಯ ಮೂರು ಬಗ್ಗಿದ್ದವು. ಟ್ಯೂಬ್‌ಲೈಟ್ ಕೆಳಗೆ ಕೂತು, ಕಡ್ಡಿ ಇಲ್ಲದ ಪೆನ್ ಪೆನ್ಸಿಲ್‌ನ ಮೂತಿಯನ್ನು ಒಂದೊಂದಕ್ಕೆ ತೊಡಿಸಿ ಮೆಲ್ಲಗೆ ನೆಟ್ಟಗೆ ಮಾಡಿದೆ. ಉಸಿರು ಬಿಗಿಹಿಡಿದು ಮುಕ್ಕಾಲು ಗಂಟೆ. ಸಾಕೆಟ್‌ಗೆ ಇಟ್ಟಾಗ ಒತ್ತದೆ ತಾನೇ ಇಳಿಯಿತು, ಆಗ ಜೀವ ಬಂತು. ನೀವು ಬಿಚ್ಚುವ ಮೊದಲು ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಪೇಸ್ಟ್ ಬಿಸಿ ಮಾಡಿ. ಆಫ್ ಮಾಡಿ ವೈರ್ ತೆಗೆದ ಮೇಲೆ ಕೂಲರ್ ಅನ್ನು ಅತ್ತಿತ್ತ ತಿರುಚಿ, ಸಡಿಲವಾದ ಮೇಲೆಯೇ ಎತ್ತಿ. 2022ರಲ್ಲಿ ಬಂದ ಎಎಂ5 ಸಾಕೆಟ್‌ನಲ್ಲಿ ಪಿನ್‌ಗಳು ಬೋರ್ಡ್ ಕಡೆಗೇ ಇವೆ, ಮೇಲೆ ಕಬ್ಬಿಣದ ಚೌಕಟ್ಟು ಹಿಡಿದಿರುತ್ತೆ. ಅವರಿಗೆ ಈ ಕಾಟ ಇಲ್ಲ.

ಹಳೇ ಪೇಸ್ಟ್ ಅನ್ನು ಐಪಿಎ, ಅಂದ್ರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದೆ. ಮೊಬೈಲ್ ರಿಪೇರಿಯವರ ಹತ್ತಿರ ಸಿಗುತ್ತೆ. ಹೊಸ ಪೇಸ್ಟ್ ನಡುವೆ ಒಂದು ತೊಗರಿ ಕಾಳಿನಷ್ಟು, ಅಷ್ಟೇ. ಒಂದು ಸಲ ಕೂರಿಸಿ ಮತ್ತೆ ಎತ್ತಿ ನೋಡಿದೆ, ಅಂಚಿನವರೆಗೂ ತೆಳ್ಳಗೆ ಹರಡಿತ್ತು. ಒರೆಸಿ ಮತ್ತೆ ಹಾಕಿದೆ. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ, ಎರಡೆರಡು ಸುತ್ತಿನಂತೆ ಬಿಗಿ ಮಾಡಬೇಕು. ಬೋರ್ಡ್ ಹಿಂದಿನ ತಗಡಿನ ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳಿ, ಇಲ್ಲವಾದರೆ ಅದು ಕಳಚಿ ಬೀಳುತ್ತೆ. ಟವರ್‌ನ ಫ್ಯಾನ್ ಹಿಂದಿನ ಫ್ಯಾನ್ ಕಡೆಗೆ ಊದುವ ಹಾಗೆ ಕೂರಿಸಿದೆ. ಈ ಸಲ ಊದುಬತ್ತಿ ಹಿಡಿದು ಖಾತ್ರಿ ಮಾಡಿಕೊಂಡೆ.

ಮಧ್ಯಾಹ್ನ ಮೂರಕ್ಕೆ, ಕೋಣೆ ಅದೇ 37 ಇದ್ದಾಗ ಓಡಿಸಿದೆ. 75ಕ್ಕೆ ಬಂದು ನಿಂತಿತು. ವೇಗ ಮೊದಲಿಂದ ಕೊನೆವರೆಗೆ 3.95.

ಸದ್ದು ಮಾತ್ರ ಒಂದು ವಾರ ತಲೆ ತಿಂದಿತು. ಬ್ರೌಸರ್ ತೆರೆದರೂ ಫ್ಯಾನ್ ಒಮ್ಮೆ ಏರಿ ಇಳಿಯುತ್ತಿತ್ತು. ಈ ಪ್ರೊಸೆಸರ್‌ಗಳು ಸಣ್ಣ ಕೆಲಸಕ್ಕೂ ಕ್ಷಣಹೊತ್ತು ಹತ್ತು ಡಿಗ್ರಿ ನೆಗೆಯುತ್ತವೆ. ಬಯಾಸ್‌ಗೆ (ಪಿಸಿ ಶುರುವಾಗುವಾಗ ತೆರೆಯುವ ಸೆಟ್ಟಿಂಗ್‌ಗೆ) ಹೋಗಿ 65 ಡಿಗ್ರಿವರೆಗೆ ಫ್ಯಾನ್ ಒಂದೇ ನಿಧಾನದಲ್ಲಿ ಇರುವ ಹಾಗೆ, ಅಲ್ಲಿಂದ 80ಕ್ಕೆ ಪೂರ್ತಿ ಏರುವ ಹಾಗೆ ಇಟ್ಟೆ. ಏರುವ ಮೊದಲು ಕೆಲವು ಸೆಕೆಂಡು ಕಾಯುವಂತೆಯೂ ಹೇಳಿದೆ. ಈಗ ವಿಡಿಯೊದ ನಾದಸ್ವರ ಕೇಳಿಸುತ್ತೆ, ಫ್ಯಾನ್ ಅಲ್ಲ.

ಶುಕ್ರವಾರ ಪೂಜೆಗೆ ಮೊದಲು ಜಾಲರಿ ಬಿಚ್ಚಿ ಝಾಡಿಸುವುದು ಈಗ ಹುಡುಗನ ಕೆಲಸ. ಊದುಬತ್ತಿ ಸ್ಟ್ಯಾಂಡನ್ನು ಪಿಸಿ ಪಕ್ಕದಿಂದ ಎತ್ತಿ ಬಾಗಿಲ ಹತ್ತಿರ ಇಟ್ಟಿದ್ದೇನೆ.